ಹಿರಿತನ, ಅರ್ಹತೆ ಮತ್ತು ಗೋಪ್ಯ ವರದಿ

ಸರ್ಕಾರಿ ಸೇವೆಯಲ್ಲಿ ಬಡ್ತಿಗೆ ಆಧಾರ ಹಿರಿತನವೋ ಅರ್ಹತೆಯೋ ಎಂಬ ವಿವಾದ ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಬಂದುದು. ವಾರ್ಷಿಕ 500 ಪೌಂಡಿಗೆ ಮೀರಿದ ಹುದ್ದೆಗೆ 3 ವರ್ಷ, 4000 ಪೌಂಡಿಗೆ ಮೀರಿದುದಕ್ಕೆ 12 ವರ್ಷ ಭಾರತದಲ್ಲಿ ಸೇವೆ ಸಲ್ಲಿಸಿರಬೇಕೆಂದು 1793ರ ಸನ್ನದು ಕಾಯಿದೆ ವಿಧಿಸಿತು. ಸೇವಾವಧಿಯನ್ನು ಯಾರೂ ಎಣಿಸಿ ನೋಡಬಹುದಾದ್ದರಿಂದ ಸ್ವಜನಪಕ್ಷಪಾತಕ್ಕೆ ಅದೊಂದು ತಡೆ. ಆದರೆ ಕೇವಲ ಹಿರಿತನವು ಜಡತೆಗೂ ಎಡೆಮಾಡುವುದೆಂದು ಮನಗಂಡ ಬ್ರಿಟನ್ನಿನ ನಾರ್ತ್‌ಕೋಟ್-ಟ್ರೆವೆಲ್ಯನ್ ವರದಿಯು 1854ರಲ್ಲಿ ಅರ್ಹತೆಯ ಪಕ್ಷವನ್ನು ಹಿಡಿಯಿತು.

ಮೈಸೂರು ರಾಜ್ಯದ 1957ರ ಸಾಮಾನ್ಯ ನೇಮಕಾತಿ ನಿಯಮಗಳು ಎರಡನ್ನೂ ಬೆಸೆದು, ಹುದ್ದೆಯನ್ನು ನಿರ್ವಹಿಸುವ ಯೋಗ್ಯತೆಗೆ ಒಳಪಟ್ಟ ಹಿರಿತನವನ್ನು ಆಧಾರವಾಗಿಸಿದವು. ಸಂಖ್ಯಾಶಾಸ್ತ್ರ ಇಲಾಖೆಯಲ್ಲಿ ಹಿರಿಯರನ್ನು ಪರಿಗಣಿಸದೆಯೇ ಕಿರಿಯರಿಗೆ ಬಡ್ತಿ ದೊರೆತಾಗ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಹಿರಿತನವೊಂದರಿಂದಲೇ ಬಡ್ತಿ ಹಕ್ಕಾಗದು, ಆದರೆ ಪರಿಗಣಿಸಲ್ಪಡುವುದು ಹಕ್ಕು ಎಂಬುದು 1968ರ ತೀರ್ಪಿನ ಸಾರ. ಗ್ರಾಮೀಣ ಬ್ಯಾಂಕುಗಳ ನೌಕರರ ಮೊಕದ್ದಮೆಯಲ್ಲಿ, 1998ರಲ್ಲಿ, ಅದೇ ನ್ಯಾಯಾಲಯ ಇನ್ನೂ ಸ್ಪಷ್ಟವಾಗಿ ನುಡಿಯಿತು: 'ಹಿರಿತನ ಸಹಿತ ಅರ್ಹತೆ' ಎಂದಲ್ಲಿ ಕನಿಷ್ಠ ಅರ್ಹತೆಯುಳ್ಳ ಹಿರಿಯನಿಗೆ ಆದ್ಯತೆ, 'ಅರ್ಹತೆ ಸಹಿತ ಹಿರಿತನ' ಎಂದಲ್ಲಿ ಅರ್ಹತೆ ಸಮನಾದಾಗ ಮಾತ್ರ ಹಿರಿತನಕ್ಕೆ ಬೆಲೆ. ಪದಗಳ ಅನುಕ್ರಮವೇ ಇಲ್ಲಿ ಅರ್ಥನಿರ್ಣಾಯಕ.

ಆದರೂ ಅರ್ಹತೆಯನ್ನು ಅಳೆಯುವವರಾರು ಎಂಬ ಪ್ರಶ್ನೆ ಉಳಿಯಿತು. ಅಳತೆಗೋಲಾಗಿದ್ದ ವಾರ್ಷಿಕ ಗೋಪ್ಯ ವರದಿಯಲ್ಲಿ ಪ್ರತಿಕೂಲ ಷರಾ ಇದ್ದರಷ್ಟೇ ನೌಕರನಿಗೆ ತಿಳಿಸುವುದು ರೂಢಿ. ಗಡಿ ರಸ್ತೆಗಳ ಇಂಜಿನಿಯರಿಂಗ್ ಸೇವೆಯ ಅಧಿಕಾರಿಯೊಬ್ಬರಿಗೆ ಒಂದು ವರ್ಷ 'ಉತ್ತಮ' ಎಂಬ ಷರಾ ಬಿದ್ದಿತ್ತು. ಬಡ್ತಿಗೆ ಬೇಕಾದದ್ದು 'ಬಹಳ ಉತ್ತಮ'. ಹೊಗಳಿಕೆಯಂತೆ ಕಾಣುವ ಮಾತೇ ಅವರನ್ನು ತಡೆಯಿತು. ಅದು ಅವರಿಗೆ ತಿಳಿದೇ ಇರಲಿಲ್ಲ. ಎಲ್ಲ ಷರಾಗಳನ್ನೂ ತಿಳಿಸಲೇಬೇಕೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷ ಕೇಂದ್ರ ಸರ್ಕಾರವು ಪೂರ್ಣ ವರದಿಯನ್ನು ನೌಕರರಿಗೆ ತೋರಿಸಲು ಆದೇಶಿಸಿತು.

ಹಿರಿತನಕ್ಕಿದ್ದ ಬಲ ಅದರ ಬಹಿರಂಗತೆ. ಅರ್ಹತೆಯ ಅಳತೆಗೂ ಆ ಗುಣವನ್ನು ತಂದುಕೊಟ್ಟುದೇ ಈ ತೀರ್ಪಿನ ಮಹತ್ವ. ಅದನ್ನು ಗೆದ್ದುಕೊಟ್ಟ ಅಧಿಕಾರಿ ಮಾತ್ರ ಅಷ್ಟರಲ್ಲಿ ನಿವೃತ್ತರಾಗಿದ್ದರು.