ಕೃತಿಸಮಷ್ಟಿಯೂ ಅಂಕಿತವೂ

ಚಿತ್ರಕಾರನು ಜೀವಮಾನದಲ್ಲಿ ಬರೆದ ಚಿತ್ರಗಳೆಲ್ಲವನ್ನೂ, ಕವಿಯು ರಚಿಸಿದ ಗ್ರಂಥಗಳೆಲ್ಲವನ್ನೂ ಒಂದೇ ವಸ್ತುವೆಂದು ಭಾವಿಸಿ ಹೇಳುವುದಕ್ಕೆ ಇಂಗ್ಲಿಷರು ಫ್ರೆಂಚರಿಂದ ಒಂದು ಪದವನ್ನು ಎರವಲು ತಂದಿದ್ದಾರೆ. ಅದರ ಉಚ್ಚಾರವು ನಮ್ಮ ಕಿವಿಗೆ 'ಅವ್ರ್' ಎಂಬುದಕ್ಕೆ ಸಮೀಪವಾಗಿ ಕೇಳುತ್ತದೆ. ಈ ಪದದ ಅರ್ಥವನ್ನು ವಿಚಾರಿಸಹೊರಟರೆ ಅದು ನಮ್ಮನ್ನು ಪ್ಯಾರಿಸಿನಿಂದ ಮುದನೂರಿಗೆ ಕರೆತರುತ್ತದೆ.

ಪದದ ಮೂಲವು ಲ್ಯಾಟಿನ್. ಆ ಭಾಷೆಯಲ್ಲಿ 'ಓಪುಸ್' ಎಂದರೆ ಕೆಲಸ. ಅದರ ಬಹುವಚನವು 'ಓಪೆರ'. ವೇದಭಾಷೆಯಲ್ಲಿ ಕರ್ಮವಾಚಕವಾದ 'ಅಪಸ್' ಶಬ್ದವು ಇದಕ್ಕೆ ದಾಯಾದಿಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಫ್ರೆಂಚಿನಲ್ಲಿ ಈ ಪದವು ಸಾಮಾನ್ಯವಾಗಿ ಸ್ತ್ರೀಲಿಂಗ. ಆದರೆ ಒಬ್ಬ ಕಲಾವಿದನ ಸಮಸ್ತ ಕೃತಿಗಳೆಂಬ ಅರ್ಥದಲ್ಲಿ ಪುಲ್ಲಿಂಗವಾಗಿಯೂ ನಡೆಯುತ್ತದೆ. ಬಿಡಿ ಕೆಲಸವೇ ಬೇರೆ, ಕೆಲಸಗಳ ಸಮಷ್ಟಿಯೇ ಬೇರೆ ಎಂಬ ಭಾವವು ವ್ಯಾಕರಣದಲ್ಲಿಯೂ ನೆಲಸಿತೆಂದು ಇದರಿಂದ ತಿಳಿಯಬಹುದು. ನಾವು ಇದನ್ನು 'ಕೃತಿಸಮಷ್ಟಿ' ಎನ್ನೋಣ.

ಸಮಷ್ಟಿಯು ತಾನಾಗಿ ಉಂಟಾಗುವುದಿಲ್ಲ. ಅದನ್ನು ಯಾರಾದರೂ ಕೂಡಿಸಬೇಕು. ಪ್ಯಾರಿಸಿನ ಕಲಾವ್ಯಾಪಾರಿಯಾದ ಜೆರ್ಸ್ಯಾಂ ಎಂಬವನು ರೆಂಬ್ರಾಂಟನ ತಾಮ್ರಫಲಕದ ಮುದ್ರಣಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸಿ ಪಟ್ಟಿಮಾಡಿದನು. ಅವನು ತೀರಿಕೊಂಡ ಬಳಿಕ 1751ರಲ್ಲಿ ಆ ಪಟ್ಟಿಯು ಅಚ್ಚಾಯಿತು. ಅದರ ಹೆಸರಿನಲ್ಲಿಯೇ ಈ ಪದವಿದೆ. ಯಾವುದು ಗುರುವಿನದು, ಯಾವುದು ಶಿಷ್ಯನದು ಎಂದು ನಿರ್ಣಯಿಸುವ ಶ್ರಮವಿಲ್ಲದೆ ಕೃತಿಸಮಷ್ಟಿಯೆಂಬುದಿಲ್ಲ.

ನಮ್ಮಲ್ಲಿ ಈ ನಿರ್ಣಯಕ್ಕೆ ಬೇರೊಂದು ಸಾಧನವಿತ್ತು. ಸುರಪುರ ಸೀಮೆಯ ಮುದನೂರು, ನೇಕಾರನಾಗಿದ್ದ ದೇವರ ದಾಸಿಮಯ್ಯನ ಊರು. ಅಲ್ಲಿಯ ರಾಮನಾಥನೇ ಆತನ ಇಷ್ಟದೈವ, ಆ ಹೆಸರೇ ಆತನ ವಚನಗಳ ಅಂಕಿತ. ವಚನಗಳನ್ನು ಕಾಪಾಡಿಕೊಂಡು ಬಂದ ಹಲವು ಓಲೆಗಟ್ಟುಗಳಲ್ಲಿ ಅವು ಕರ್ತೃಗಳ ಕ್ರಮದಲ್ಲಿಲ್ಲ. ಭಕ್ತಸ್ಥಲ, ಮಹೇಶ್ವರಸ್ಥಲ ಎಂದು ಷಟ್‌ಸ್ಥಲದ ಕ್ರಮದಲ್ಲಿ ಅನೇಕ ಶರಣರ ಮಾತುಗಳು ಬೆರೆತಿವೆ. ಹಾಗಿರಲು ದಾಸಿಮಯ್ಯನ ಮಾತು ಇದೆಂದು ಆರಿಸಿ ತೆಗೆಯಲು ಮುಖ್ಯವಾಗಿ ನೆರವಾದುದು ಕೊನೆಯಲ್ಲಿರುವ 'ರಾಮನಾಥ'ನೆಂಬ ನಾಮ. ತನ್ನ ಹೆಸರನ್ನು ಬಿಟ್ಟು ದೇವರ ಹೆಸರನ್ನಿಟ್ಟವನ ಕೃತಿಗಳು ಆ ದೇವರ ಹೆಸರಿನಿಂದಲೇ ಚದರದೆ ಉಳಿದುವು.

ಆದರೆ ಅಂಕಿತವೊಂದೇ ಸಾಲದು. ಆತನ ಪತ್ನಿ ದುಗ್ಗಳೆಯು 'ದಾಸಯ್ಯಪ್ರಿಯ ರಾಮನಾಥ' ಎಂಬ ಅಂಕಿತವನ್ನಿಟ್ಟಳು. ಆಕೆಯ ವಚನಗಳು ದೊರೆತಿರುವುದು ಕೆಲವೇ. ಅವಸರದ ಕಣ್ಣಿಗೆ ಅವು ಪತಿಯ ರಾಶಿಯಲ್ಲಿ ಮುಳುಗಿಹೋಗಬಹುದಾಗಿತ್ತು. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೇ, ಇಬ್ಬರೇ ಎಂಬ ವಿವಾದವೂ ವಿದ್ವಾಂಸರಲ್ಲಿ ನಡೆದಿದೆ. ಆದುದರಿಂದ ಓಲೆಗಳನ್ನು ಹುಡುಕಿ ಹೋಲಿಸುವ ಕೈಗಳು ಬೇಕಾದುವು. ಬಿಜಾಪುರದ ಫ. ಗು. ಹಳಕಟ್ಟಿಯವರು ಮನೆಮಠಗಳ ಓಲೆಗಟ್ಟುಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಎಪ್ಪತ್ತು ವರ್ಷಗಳ ಅನಂತರ, 1993ರಲ್ಲಿ, ಸಮಗ್ರ ವಚನಸಾಹಿತ್ಯವು ಸರಕಾರದಿಂದ ಹದಿನೈದು ಸಂಪುಟಗಳಲ್ಲಿ ಪ್ರಕಟವಾಯಿತು.

ಇನ್ನು ಇದೇ ಸೀಮೆಯ ಚಿತ್ರಕಾರರ ಗತಿಯನ್ನು ನೋಡೋಣ. ಸುರಪುರದ ನಾಯಕರ ಆಶ್ರಯದಲ್ಲಿ ಗರುಡಾದ್ರಿ ಮನೆತನದವರು ಬಂಗಾರದ ರೇಕು ಹಚ್ಚಿ ದೇವದೇವತೆಗಳ ಚಿತ್ರಗಳನ್ನು ಬರೆದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಪ್ರತಿಭಟನೆ ಮುರಿದು ಸಂಸ್ಥಾನವು ಅಳಿಯಲು, ಆ ಕಲೆಯ ಆಶ್ರಯವೂ ತಪ್ಪಿತು. ಕವಿಗೆ ಅಂಕಿತವಿದ್ದಂತೆ ಚಿತ್ರಕಾರನಿಗೆ ಕಟ್ಟುನಿಟ್ಟಾದ ಕುರುಹಿರಲಿಲ್ಲ. ಹೆಸರಿಲ್ಲದ ಪಟವು ಮನೆಯಿಂದ ಮನೆಗೆ, ಊರಿನಿಂದ ಊರಿಗೆ ಹೋದಂತೆಲ್ಲ 'ಸುರಪುರದ ಚಿತ್ರ'ವೆಂಬ ಸಾಮಾನ್ಯನಾಮವಷ್ಟೇ ಅದಕ್ಕೆ ಉಳಿಯುತ್ತದೆ; ಬರೆದ ಕೈ ಮರೆಯಾಗುತ್ತದೆ.

ಎರವಲು ಬಂದ ಪದವು ನಮಗೆ ಕಲಿಸುವುದು ಇದನ್ನೇ. ಕೃತಿಗಳು ಉಳಿದರೂ ಕೃತಿಸಮಷ್ಟಿಯು ಅಳಿಯಬಹುದು. ಸುರಪುರ, ಶಹಾಪುರ, ಯಾದಗಿರಿಗಳ ಪೇಟೆಯ ಮನೆಗಳಲ್ಲಾಗಲಿ, ಕಡೇಚೂರಿನಂಥ ಹಳ್ಳಿಗಳಲ್ಲಾಗಲಿ, ದೇವರಕೋಣೆಯಲ್ಲಿ ಹಳೆಯ ಪಟವೊಂದಿದ್ದರೆ, ಹಲಗೆಯ ಮೇಲೆ ಓಲೆಗಟ್ಟೊಂದಿದ್ದರೆ, ಅದು ಯಾರಿಂದ, ಯಾವಾಗ, ಹೇಗೆ ಮನೆಗೆ ಬಂದಿತೆಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಗೃಹಸ್ಥರಿಗೆ ಅಸಾಧ್ಯವಾದುದಲ್ಲ. ಕೂಡಿಸುವವನು ನಾಳೆ ಬಂದಾನು. ಹೇಳುವವರು ಇಂದು ಇದ್ದಾರೆ.