ಸನ್ 1358ರ ಕಾಗದ ಹುಡುಕೋದು ಹೇಗೆ?

ಇವತ್ತಿನ ಸಂಚಿಕೆಯನ್ನ ನಮ್ಮ ಮನೆಯ ತಗಡಿನ ಟ್ರಂಕಿನಿಂದ ಶುರು ಮಾಡ್ತೀನಿ.

ನಮ್ಮೂರು ಹುಮನಾಬಾದ್ ತಾಲ್ಲೂಕಿನಲ್ಲಿದೆ. ಪಾಲಿನ ದಾವೆ ಶುರುವಾದಾಗ ಅಪ್ಪ ಅಜ್ಜನ ಟ್ರಂಕು ತೆರೆದರು. ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು, ಕೆಲವು ಮೋಡಿ ಲಿಪಿಯ ಮರಾಠಿಯಲ್ಲಿ. ಮನೆಯಲ್ಲಿ ಯಾರಿಗೂ ಓದಲು ಬರಲಿಲ್ಲ. ಬಸವಕಲ್ಯಾಣದಲ್ಲಿ ಉರ್ದು ಬಲ್ಲ ಹಿರಿಯರೊಬ್ಬರಿದ್ದರು, ನಾವೆಲ್ಲ ಚಾಚಾ ಅಂತಿದ್ವಿ. ಅವರು ಮೊದಲ ಹಾಳೆ ನೋಡಿ ಅಂದರು: "ತಮ್ಮಾ, ಇದರಾಗ 1948 ಅಂತ ಹುಡುಕಬ್ಯಾಡ. ಸನ್ 1358 ಅಂತ ನೋಡು."

ಅದು ನಿಜಾಮರ ಕಾಲದ ಫಸಲಿ ವರ್ಷ. 1358 ಅಂದ್ರೆ ನಮ್ಮ 1948-49. ಸೆಪ್ಟೆಂಬರ್ 1948ರಲ್ಲಿ ಪೊಲೀಸ್ ಕಾರ್ಯಾಚರಣೆ, ಆಗಸ್ಟ್ 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಹಗೀರುಗಳ ರದ್ದತಿ, 1955ರಲ್ಲಿ ಇನಾಮು ರದ್ದತಿ ಕಾಯ್ದೆ, 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಎಂಟೇ ವರ್ಷದಲ್ಲಿ ಒಡೆಯ, ಕಾಯ್ದೆ, ಕಚೇರಿಯ ಭಾಷೆ ಎಲ್ಲ ಬದಲು. ಊರಿನ ಹೆಸರೂ ಅಷ್ಟೇ, ಹಳೆ ಕಾಗದದಲ್ಲಿ 'ಕಲ್ಯಾಣಿ', ಈಗ ಬಸವಕಲ್ಯಾಣ. ಹೊಲ ಮಾತ್ರ ಅಲ್ಲೇ ಇದೆ.

ಈಗ ಅಮೆರಿಕಕ್ಕೆ ಹೋಗೋಣ. ಯಾಕಂದ್ರೆ ಇದೇ ತೊಡಕು ಅಲ್ಲಿನ ಒಂದು ದೊಡ್ಡ ಸಿವಿಲ್ ದಾವೆಯಲ್ಲೂ ಕಂಡಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ರೈಲು ಅಪಘಾತದ ಪ್ರಕರಣ, ಸುಮಾರು 40,000 ದಾಖಲೆಗಳು, 3.5 ಲಕ್ಷ ಪುಟ. ಕಂಪ್ಯೂಟರಿನಲ್ಲಿ ಪದ ಹಾಕಿ ಹುಡುಕಿದ ವಕೀಲರು ಬೇಕಾದದ್ದರಲ್ಲಿ ಮುಕ್ಕಾಲು ಭಾಗ ಸಿಕ್ಕಿದೆ ಅಂದುಕೊಂಡಿದ್ದರು. ಬ್ಲೇರ್ ಮತ್ತು ಮ್ಯಾರನ್ ಎಂಬ ಇಬ್ಬರು ಸಂಶೋಧಕರು 1985ರಲ್ಲಿ ತೋರಿಸಿದ್ದು: ಸಿಕ್ಕಿದ್ದು ಶೇಕಡಾ 20ರಷ್ಟು ಮಾತ್ರ! ಕಾರಣ ಸರಳ. ಒಬ್ಬರು 'ಅಪಘಾತ' ಅಂತ ಬರೆದಿದ್ದರು, ಇನ್ನೊಬ್ಬರು 'ಘಟನೆ', ಮತ್ತೊಬ್ಬರು ಬರೀ 'ಸಮಸ್ಯೆ'. ನೀವು 1948 ಅಂತ ಕೇಳಿದ್ರೆ 1358 ಬರಲ್ಲ ನೋಡ್ರಿ, ಹಾಗೆ.

ಆಮೇಲೆ ಬಂದದ್ದು ಕಲಿಯುವ ತಂತ್ರಾಂಶ. ಪ್ರಕರಣ ಬಲ್ಲ ವಕೀಲರು ಒಂದಿಷ್ಟು ದಾಖಲೆ ಓದಿ 'ಬೇಕು', 'ಬೇಡ' ಅಂತ ಗುರುತು ಹಾಕ್ತಾರೆ. ಯಂತ್ರ ಅದನ್ನ ನೋಡಿ ಕಲಿತು, ಉಳಿದ ಲಕ್ಷಾಂತರ ದಾಖಲೆಗಳನ್ನ ಮಹತ್ವದ ಕ್ರಮದಲ್ಲಿ ಜೋಡಿಸುತ್ತೆ. 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಆಂಡ್ರ್ಯೂ ಪೆಕ್ ಇದಕ್ಕೆ ಒಪ್ಪಿಗೆ ಕೊಟ್ಟರು. ಇದರಲ್ಲಿ ನನಗೆ ಮುಖ್ಯ ಅನ್ನಿಸಿದ ಹೆಜ್ಜೆ ಕೊನೆಯದು: ಯಂತ್ರ 'ಬೇಡ' ಅಂತ ತಳ್ಳಿದ ರಾಶಿಯಿಂದಲೂ ಒಂದಿಷ್ಟು ಹಾಳೆ ತೆಗೆದು ಮನುಷ್ಯರು ಓದಿ ನೋಡಬೇಕು. ಅಲ್ಲಿ ಬೇಕಾದದ್ದು ಸಿಕ್ಕರೆ ಯಂತ್ರಕ್ಕೆ ಮತ್ತೆ ಪಾಠ.

ನಮ್ಮಲ್ಲಿ ಭೂಮಿ ಯೋಜನೆ ಪಹಣಿಯನ್ನ ಕಂಪ್ಯೂಟರಿಗೆ ತಂತು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಹಶೀಲ್ದಾರ್ ಕಚೇರಿಗಳ ಹಳೆ ಕಡತಗಳು ಸ್ಕ್ಯಾನ್ ಆಗ್ತಿವೆ. ಒಳ್ಳೇದು, ಗೆದ್ದಲು ತಿನ್ನಲ್ಲ, ಕಳುವಾಗಲ್ಲ. ಆದರೆ ಸ್ಕ್ಯಾನ್ ಅಂದ್ರೆ ಬರೀ ಚಿತ್ರ. ಆ ಚಿತ್ರದಲ್ಲಿರೋ ಓಟದ ಉರ್ದು ಬರಹ ಏನು ಹೇಳ್ತದೆ, 'ಕಲ್ಯಾಣಿ' ಯಾವ ಊರು ಅಂತ ಯಂತ್ರಕ್ಕೆ ಯಾರು ಕಲಿಸ್ತಾರೆ? ಗುರುತು ಹಾಕಬಲ್ಲವರು ಚಾಚಾ ಅಂಥವರು. ಅವರು ಈಗ ಒಬ್ಬೊಬ್ಬರಾಗಿ ಹೋಗ್ತಿದ್ದಾರೆ.

ನಮ್ಮ ಟ್ರಂಕಿನ ಕಥೆ ಮುಗಿಸ್ತೀನಿ. 'ಕಲ್ಯಾಣಿ'ಯ ಮೊಹರು ಕಂಡು, ಬೇರೆ ಊರಿನದು, ನಮಗ್ಯಾಕೆ ಅಂತ ಅಪ್ಪ ಒಂದು ಕಟ್ಟನ್ನ ಪಕ್ಕಕ್ಕಿಟ್ಟಿದ್ದರು. ಚಾಚಾ ಅದನ್ನೂ ಬಿಚ್ಚಿ ಅಂದರು. ಅದರಲ್ಲಿತ್ತು, ಅಜ್ಜನ ತಂಗಿಗೆ ನಾಲ್ಕು ಎಕರೆ ಬಿಟ್ಟುಕೊಟ್ಟ ಕಾಗದ. ಅದು ನಮ್ಮ ಪಾಲು ಕಡಿಮೆ ಮಾಡೋ ಕಾಗದ. ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಅದನ್ನ ವಕೀಲರ ಕೈಗೆ ಕೊಟ್ಟರು. ದಾವೆ ರಾಜಿಯಲ್ಲಿ ಮುಗೀತು. ಆ ಅಜ್ಜಿಯ ಮೊಮ್ಮಕ್ಕಳು ಈಗ ಆ ಹೊಲದಲ್ಲಿ ತೊಗರಿ ಬೆಳೀತಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಟ್ರಂಕಿದ್ರೆ, ಓದಬಲ್ಲವರು ಇರುವಾಗಲೇ ತೆರೆದು ತೋರಿಸಿ.