ಕನ್ನಡ ನಾಡಿನ ಹೆಂಗಸರ ಉಡಿಗೆ, ಬಣ್ಣ, ಒಡವೆ

ಬೆಂಗಳೂರಿನ ಪಡುವಣ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಮದುವೆಯೊಂದು ನಡೆದರೆ ಹೆಣ್ಣಿಗೆ ರೇಷ್ಮೆಯ ಸೀರೆ, ಕುಪ್ಪಸ, ಓಲೆ, ಮೂಗುತಿ, ಕಾಲುಂಗುರಗಳು ಇರಬೇಕೆಂಬುದು ರೂಢಿ. ಈ ರೂಢಿಯು ಅನಾದಿಯಿಂದ ಹೀಗೆಯೇ ಬಂದುದೆಂಬ ಭಾವನೆ ಜನರಲ್ಲಿ ಬಲವಾಗಿದೆ. ಹಳಗನ್ನಡವನ್ನು ಪಾಠ ಹೇಳುವಲ್ಲಿಯೂ ಈ ಭಾವನೆ ಅರಿವಿಲ್ಲದೆ ನುಸುಳಿ, ಕಾವ್ಯದ ನಾಯಿಕೆಗೆ ಇಂದಿನ ಉಡಿಗೆಯನ್ನೇ ಉಡಿಸಿಬಿಡುವುದುಂಟು. ಭಾಷೆ, ಶಿಲ್ಪ, ಗ್ರಂಥ, ಪ್ರವಾಸಿಗಳ ಬರಹ ಎಂಬ ನಾಲ್ಕು ಬಗೆಯ ಸಾಕ್ಷ್ಯಗಳನ್ನು ಕೂಡಿಸಿ ನೋಡಿದರೆ, ಈ ರೂಢಿಯ ಒಂದೊಂದು ಅಂಗವೂ ಒಂದೊಂದು ಕಾಲದಲ್ಲಿ ಸೇರಿಕೊಂಡುದೆಂದು ತಿಳಿದುಬರುತ್ತದೆ.

ಮೊದಲು ಭಾಷೆಯ ಸಾಕ್ಷ್ಯ. ಸೀರೆಯೆಂಬುದು ಇಂದು ಹೆಂಗಸರ ಉಡಿಗೆಗೆ ಮಾತ್ರ ಸಲ್ಲುವ ಹೆಸರು. ಹಳಗನ್ನಡದಲ್ಲಿ ಅದಕ್ಕೆ ಬಟ್ಟೆಯೆಂಬ ಸಾಮಾನ್ಯಾರ್ಥವೂ ಇದ್ದಿತು. ವನವಾಸಿಗಳಾದ ಗಂಡಸರೂ ಉಡುತ್ತಿದ್ದ ವಲ್ಕಲಕ್ಕೆ ನಾರಸೀರೆಯೆಂಬ ಹೆಸರು ಸಂದಿರುವುದೇ ಇದಕ್ಕೆ ನಿದರ್ಶನ. ಓಲೆಯೆಂಬ ಮಾತೂ ಇಂತಹುದೇ. ತಾಳೆಯ ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಡುತ್ತಿದ್ದ ಕಾಲದ ಹೆಸರು, ಗರಿ ಹೋಗಿ ಹೊನ್ನು ಬಂದಮೇಲೆಯೂ ಉಳಿದುಕೊಂಡಿತು. ಬರೆಯುವ ಓಲೆಗೂ ಕಿವಿಯ ಓಲೆಗೂ ಮೂಲ ಒಂದೇ. ಮುತ್ತೈದೆತನವನ್ನು ಓಲೆಭಾಗ್ಯವೆಂದು ಕರೆಯುವಾಗ, ಬಡವೆಗೂ ದೊರೆಯುತ್ತಿದ್ದ ಒಂದು ಎಲೆಯ ನೆನಪು ಆ ಮಾತಿನಲ್ಲಿ ಅಡಗಿದೆ.

ಇನ್ನು ಶಿಲ್ಪ. ಹೊಯ್ಸಳ ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರು ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಕಿವಿ, ಕೊರಳು, ತೋಳು, ನಡು, ಕಾಲು ಎಲ್ಲೆಲ್ಲಿಯೂ ಒಡವೆಗಳು ತುಂಬಿವೆ. ಮಣಿಯೊಂದರ ಕೊರೆತವನ್ನೂ ಬಿಡದೆ ಕಡೆದಿರುವ ಆ ಶಿಲ್ಪಿಗಳು ಮೂಗಿಗೆ ಮಾತ್ರ ಏನನ್ನೂ ತೊಡಿಸಿಲ್ಲ. ಪುಣೆಯ ಭಂಡಾರ್ಕರ್ ಸಂಶೋಧನ ಮಂದಿರದ ಪಿ. ಕೆ. ಗೋಡೆಯವರು ಕ್ರಿ. ಶ. ೧೦೦೦ಕ್ಕೆ ಹಿಂದಿನ ಸಂಸ್ಕೃತ ವಾಙ್ಮಯದಲ್ಲಿ ನಾಸಾಭರಣದ ಉಲ್ಲೇಖ ಕಾಣದೆಂದು ತೋರಿಸಿರುವುದು ಇದಕ್ಕೆ ಹೊಂದುತ್ತದೆ. ಆದುದರಿಂದ ಪಂಪನ ದ್ರೌಪದಿಗೆ ಮೂಗುತಿಯನ್ನು ಕಲ್ಪಿಸುವುದು ಕಾಲವಿರೋಧವಾಗುತ್ತದೆ.

ಕಲ್ಲು ಆಕಾರವನ್ನು ಹೇಳುವುದಲ್ಲದೆ ಬಣ್ಣವನ್ನು ಹೇಳಲಾರದು. ಆ ಕೊರತೆಯನ್ನು ಅದೇ ಕಾಲದ ಗ್ರಂಥವೊಂದು ತುಂಬಿಕೊಡುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರಕ್ಕೂ ಭೂಷಣಕ್ಕೂ ಬೇರೆ ಬೇರೆ ಪ್ರಕರಣಗಳಿವೆ. ಮಂಜಿಷ್ಠ, ಅರಗು, ಕುಸುಬೆ, ಅರಿಸಿನ, ನೀಲಿ ಮೊದಲಾದ ಬಣ್ಣದ ದ್ರವ್ಯಗಳ ಹೆಸರುಗಳು ಅಲ್ಲಿ ಬರುತ್ತವೆ. ಅದು ಅರಸನ ಭೋಗವನ್ನು ಕುರಿತ ಗ್ರಂಥವಾದರೂ ಬಣ್ಣಗಾರನ ಕಲೆ ಅರಸನಿಗಾಗಿ ಬೇರೆಯಿರಲಿಲ್ಲ. ಕೆಂಪು ಎಂಬ ಒಂದೇ ಮಾತಿನ ಹಿಂದೆ ಬೇರಿನ ಕೆಂಪು, ಅರಗಿನ ಕೆಂಪು, ಹೂವಿನ ಕೆಂಪು ಎಂಬ ಭೇದಗಳಿದ್ದುವೆಂಬುದನ್ನು ಕಾವ್ಯ ಓದುವವರು ಮರೆಯಬಾರದು. ಇಂದು ಕುಸುಬೆಯೆಂದರೆ ಎಣ್ಣೆಯ ಕಾಳು ಮಾತ್ರ ನೆನಪಾಗುತ್ತದೆ. ಅದರ ಹೂವು ಸೀರೆಗೆ ರಂಗು ಕೊಡುತ್ತಿದ್ದುದು ಮರೆತುಹೋಗಿದೆ.

ವಿಜಯನಗರದ ಕಾಲಕ್ಕೆ ಬಂದರೆ, ಸುಮಾರು ೧೫೨೦ರಲ್ಲಿ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಮಹಾನವಮಿಯ ಮೆರವಣಿಗೆಯ ಹೆಂಗಸರನ್ನು ವರ್ಣಿಸಿದ್ದಾನೆ. ಒಡವೆಯ ಭಾರವನ್ನು ತಾಳಲಾರದೆ ಕೆಲವರಿಗೆ ಬೇರೆ ಹೆಂಗಸರು ತೋಳುಗಳನ್ನು ಆತು ನಡೆಯಿಸುತ್ತಿದ್ದರೆಂದು ಆತನ ಬರಹ. ಇದು ಅರಮನೆಯ ವೈಭವವೇ ಹೊರತು ಊರ ಹೆಂಗಸರ ಚಿತ್ರವಲ್ಲ. ಅದೇ ಶತಮಾನದ ಲೇಪಾಕ್ಷಿಯ ಮಾಳಿಗೆಯ ಚಿತ್ರಗಳಲ್ಲಿ ಪಟ್ಟೆ, ಚೌಕುಳಿ, ಹೂಬಳ್ಳಿಗಳ ಸೀರೆಗಳು ಕಾಣುತ್ತವೆ. ಚಿತ್ರದ ಬಣ್ಣಗಳು ಬಹುಮಟ್ಟಿಗೆ ಮಣ್ಣು ಕಲ್ಲುಗಳಿಂದಾದವು. ಬಟ್ಟೆಯ ಬಣ್ಣಗಳು ಗಿಡಮರ ಕೀಟಗಳಿಂದಾದವು. ಆದುದರಿಂದ ನೆಯ್ಗೆಯ ವಿನ್ಯಾಸಕ್ಕೆ ಈ ಚಿತ್ರಗಳು ಪ್ರಮಾಣವಾದರೂ ಬಣ್ಣಕ್ಕೆ ಪೂರ್ಣ ಪ್ರಮಾಣವಾಗಲಾರವು.

ಬೆಂಗಳೂರಿನ ಬಣ್ಣಗಾರಿಕೆಗೆ ನೇರವಾದ ಸಾಕ್ಷ್ಯ ಫ್ರಾನ್ಸಿಸ್ ಬುಕಾನನನದು. ೧೮೦೦ರಲ್ಲಿ ಬೆಂಗಳೂರಿಗೆ ಬಂದ ಆತನ ಪ್ರವಾಸಕಥನ ೧೮೦೭ರಲ್ಲಿ ಅಚ್ಚಾಯಿತು. ರೇಷ್ಮೆ ನೆಯ್ಯುವ ಪಟ್ಟೇಗಾರರು ಅರಗಿನಿಂದ ಕೆಂಪನ್ನೂ, ಕುಂಕುಮದ ಮರದ ಕಾಯಿಯ ಕಪಿಲಿ ಪುಡಿಯಿಂದ ಕಿತ್ತಳೆಯ ಬಣ್ಣವನ್ನೂ ಪಡೆಯುತ್ತಿದ್ದುದು ಅದರಿಂದ ತಿಳಿಯುತ್ತದೆ. ಪೇಟೆಯ ಬೀದಿಯೊಂದಕ್ಕೆ ಬಳೇಪೇಟೆಯೆಂಬ ಹೆಸರು ನಿಂತಿರುವುದೂ ತೊಡಿಗೆಯ ವ್ಯಾಪಾರದ ಕುರುಹೇ.

ನೂಲು ಸ್ಥಳೀಯವಾದುದು ಬಹು ಹಳೆಯ ಸಂಗತಿಯಲ್ಲ. ಮೈಸೂರು ಸೀಮೆಯಲ್ಲಿ ರೇಷ್ಮೆಹುಳುವಿನ ಸಾಕಣೆ ಊರಿದುದು ೧೮ನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಪ್ರಯತ್ನದಿಂದ. ಮುಂದೆ ಹುಳುಗಳಿಗೆ ರೋಗ ಹತ್ತಿ ಕಸುಬು ಕೆಟ್ಟಾಗ, ೧೮೬೬ರ ಸುಮಾರಿಗೆ ಕೆಂಗೇರಿಯಲ್ಲಿದ್ದ ಇಟಲಿಯ ದೆ ವೆಕ್ಕಿ ಎಂಬಾತನು ಜಪಾನಿನಿಂದ ಹೊಸ ಮೊಟ್ಟೆಗಳನ್ನು ತರಿಸಿದನು. ಕೆಂಗೇರಿಯ ಹಿಪ್ಪುನೇರಳೆಯ ಎಲೆಯನ್ನು ಜಪಾನಿನ ಹುಳು ತಿಂದ ಈ ಸಂಗತಿ, ನಾಡಿನದೇ ಎಂದು ಭಾವಿಸುವ ಸೀರೆಯ ಎಳೆ ಎಷ್ಟು ದೂರದಿಂದ ಬಂದುದೆಂಬುದನ್ನು ತೋರಿಸುತ್ತದೆ.

ಅದೇ ಕಾಲದಲ್ಲಿ ಬಣ್ಣದ ಬುಡವೂ ಬದಲಾಯಿತು. ೧೮೫೬ರಲ್ಲಿ ಇಂಗ್ಲೆಂಡಿನ ಪರ್ಕಿನನು ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದನು. ೧೮೬೯ರಲ್ಲಿ ಮಂಜಿಷ್ಠದ ಕೆಂಪಿಗೂ ೧೮೯೭ರಲ್ಲಿ ನೀಲಿಗೂ ಕಾರ್ಖಾನೆಯ ಬದಲಿಗಳು ಬಂದುವು. ಬಣ್ಣ ಅಗ್ಗವಾಯಿತು, ಹಿಂದೆ ಕೈಗೆಟುಕದ ಗಾಢವಾದ ರಂಗು ಕೂಲಿಯ ಹೆಂಗಸಿಗೂ ದೊರೆಯಿತು. ಇದು ಸಣ್ಣ ಲಾಭವಲ್ಲ. ಆದರೆ ಅರಗು, ಕಪಿಲಿಗಳನ್ನು ಅರಿತವರ ವಿದ್ಯೆ ಬರೆದಿಡುವವರಿಲ್ಲದೆ ಸೊರಗಿತು.

ಮುಂದಿನದು ಯಂತ್ರದ ಕಾಲ. ೧೮೮೪ರಲ್ಲಿ ಬೆಂಗಳೂರು ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯೂ, ೧೯೧೨ರಲ್ಲಿ ಮೈಸೂರಿನ ರೇಷ್ಮೆ ನೆಯ್ಗೆಯ ಕಾರ್ಖಾನೆಯೂ ಹುಟ್ಟಿದುವು. ಮೈಸೂರು ರೇಷ್ಮೆ ಸೀರೆಯೆಂಬ ಪ್ರಸಿದ್ಧಿ ಈ ಕಾರ್ಖಾನೆಯಿಂದಲೇ ಬಂದುದು. ಅದಕ್ಕೆ ನೂರು ವರ್ಷಕ್ಕೆ ಸ್ವಲ್ಪ ಮೇಲ್ಪಟ್ಟ ವಯಸ್ಸು. ೧೯೪೯ರಲ್ಲಿ ರಾಜಾಜಿನಗರವು ಕೈಗಾರಿಕೆಯ ಉಪನಗರವಾಗಿ ಆರಂಭವಾಯಿತು. ಇಂದು ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೆಂಗಸರೇ ಹೆಚ್ಚಾಗಿ ದುಡಿಯುತ್ತ, ತಾವು ತೊಡದ ಉಡುಪುಗಳನ್ನು ಪರದೇಶದವರಿಗಾಗಿ ಹೊಲಿಯುತ್ತಾರೆ.

ಇದರಿಂದ ಸಂಪ್ರದಾಯದ ಬೆಲೆ ಕಡಮೆಯಾಗುವುದಿಲ್ಲ. ಓಲೆಯು ಗರಿಯಾಗಿದ್ದಿತೆಂದು ತಿಳಿದವರಿಗೆ ಅದರ ಮೇಲಿನ ಆದರ ಹೆಚ್ಚುವುದೇ ಸರಿ. ಆದರೆ ಹೆಂಗಸರು ಇಂತಹುದನ್ನೇ ಉಡಬೇಕು, ಹಿಂದಿನಿಂದ ಹೀಗೆಯೇ ನಡೆದುಬಂದಿದೆ ಎಂದು ಇತಿಹಾಸದ ಹೆಸರಿನಲ್ಲಿ ವಿಧಿಸುವವರಿಗೆ ಇತಿಹಾಸದ ಬೆಂಬಲವಿಲ್ಲ. ಕಾವ್ಯದ ಟಿಪ್ಪಣಿಯಲ್ಲಿ ಒಡವೆಯ ಹೆಸರಿಗೆ ಬರಿಯ ಪರ್ಯಾಯಪದವನ್ನು ಕೊಡದೆ ಅದರ ಕಾಲ, ದ್ರವ್ಯ, ತೊಡುವ ಬಗೆಗಳನ್ನೂ ತಿಳಿಸಿದರೆ, ಓದುವ ಮಕ್ಕಳಿಗೆ ಪದದೊಡನೆ ಪದಾರ್ಥವೂ ದೊರೆತಂತಾಗುತ್ತದೆ.